ಎಪ್ಪತ್ತೇಳು ಸೆಕೆಂಡಿನ ಕೆಲಸ

ಕಾರು ಫ್ಯಾಕ್ಟರಿಗೆ ಸೇರಿದರೆ ಕಾರಿನ ಕೆಲಸ ಪೂರ್ತಿ ಕೈಗೆ ಹತ್ತುತ್ತದೆ ಎಂದುಕೊಂಡು ಬರುವ ಐಟಿಐ ಹುಡುಗರು ಬಹಳ. ಹತ್ತುವುದಿಲ್ಲ. ಗ್ಯಾರೇಜಿನ ಮೆಕ್ಯಾನಿಕ್ ಒಂದು ಗಾಡಿಯ ಮುಂದೆ ದಿನವಿಡೀ ಕೂತು ಅದರ ರೋಗ ಹುಡುಕುತ್ತಾನೆ. ಗಾಡಿಗಳು ಒಂದರ ಹಿಂದೊಂದು ಸಾಗುವ ಅಸೆಂಬ್ಲಿ ಲೈನಿನಲ್ಲಿ ನಿಲ್ಲುವವನಿಗೆ ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಗಾಡಿ ಎದುರಾಗುತ್ತವೆ, ಪ್ರತಿಯೊಂದರಲ್ಲೂ ಅವನ ಪಾಲು ಒಂದು ನಿಮಿಷದಷ್ಟು. ಹತ್ತು ವರ್ಷ ಹಿಂಬಾಗಿಲಿನ ವೈರಿಂಗ್ ಮಾಡಿದವನಿಗೆ ಎಂಜಿನ್ ಬಿಚ್ಚಲು ಬರದೇ ಇರಬಹುದು. ಅದು ಅವನ ಕೊರತೆಯಲ್ಲ, ಇದು ಬೇರೆಯೇ ಕಸುಬು.

ಆ ಒಂದು ನಿಮಿಷ ಎಲ್ಲಿಂದ ಬಂತು ಎಂಬುದನ್ನು ಬಿಡದಿಯ ಲೆಕ್ಕದಲ್ಲೇ ನೋಡೋಣ. ಟೊಯೊಟಾ ಕಿರ್ಲೋಸ್ಕರ್ ಅಲ್ಲಿ 1999ರ ಡಿಸೆಂಬರ್‌ನಲ್ಲಿ ಕ್ವಾಲಿಸ್ ತಯಾರಿಕೆ ಶುರು ಮಾಡಿತು. 2010ರಲ್ಲಿ ಎಟಿಯೋಸ್‌ಗಾಗಿ ಎರಡನೇ ಪ್ಲಾಂಟು ಬಂತು. ಈಗ ಆ ಎರಡನೇ ಪ್ಲಾಂಟಿನ ಸಾಮರ್ಥ್ಯ ವರ್ಷಕ್ಕೆ 2,10,000 ಗಾಡಿ. ವರ್ಷಕ್ಕೆ 300 ಕೆಲಸದ ದಿನ ಎಂದಿಟ್ಟುಕೊಂಡರೆ ದಿನಕ್ಕೆ 700 ಆಯಿತು. ಎರಡು ಪಾಳಿ, ಊಟ, ಟೀ ಬ್ರೇಕು ಕಳೆದು ಪಾಳಿಗೆ 450 ನಿಮಿಷ ಎಂದರೆ ಒಟ್ಟು 900 ನಿಮಿಷ, ಅಂದರೆ 54,000 ಸೆಕೆಂಡು. 700ರಿಂದ ಭಾಗಿಸಿದರೆ 77. ಪೂರ್ತಿ ಸಾಮರ್ಥ್ಯದಲ್ಲಿ ಓಡಿದ ದಿನ 77 ಸೆಕೆಂಡಿಗೆ ಒಂದು ಗಾಡಿ ಲೈನಿನ ತುದಿಯಿಂದ ಇಳಿಯಬೇಕು, ಹಾಗಾಗಿ ಲೈನಿನ ಯಾವ ಜಾಗದ ಕೆಲಸವೂ 77 ಸೆಕೆಂಡು ಮೀರುವಂತಿಲ್ಲ. ಇದಕ್ಕೆ ಟ್ಯಾಕ್ಟ್ ಟೈಮ್ ಎನ್ನುತ್ತಾರೆ. ಟ್ಯಾಕ್ಟ್ ಜರ್ಮನ್ ಮೂಲದ ಪದ, ಸಂಗೀತದಲ್ಲಿ ಅದರ ಅರ್ಥ ತಾಳ. ತಾಳ ಹಾಕುವವರು ನೀವಲ್ಲ, ಮಾರುಕಟ್ಟೆ. ಬೇಡಿಕೆ ಏರಿದಾಗ ಟ್ಯಾಕ್ಟ್ ಇಳಿಯುತ್ತದೆ, ಬೇಡಿಕೆ ಬಿದ್ದಾಗ ಏರುತ್ತದೆ.

ಟ್ಯಾಕ್ಟ್ ಇಳಿಸಿದರೆ ಜನ ವೇಗವಾಗಿ ಕೈಯಾಡಿಸಬೇಕು ಎಂಬುದು ಹೊರಗಿನವರ ಕಲ್ಪನೆ. ಪುಸ್ತಕದ ಪ್ರಕಾರ ಹಾಗಲ್ಲ. 90 ಸೆಕೆಂಡಿನ ಲೈನನ್ನು 77ಕ್ಕೆ ತಂದರೆ ಪ್ರತಿಯೊಬ್ಬನ ಕೈಯಿಂದ 13 ಸೆಕೆಂಡಿನ ಕೆಲಸ ಕಿತ್ತು ಬೇರೊಬ್ಬನಿಗೆ ಕೊಡಬೇಕು. ಆರು ಜನರಿಂದ ಕಿತ್ತದ್ದು ಏಳನೆಯವನಿಗೆ ಹೆಚ್ಚುಕಡಿಮೆ ಪೂರ್ತಿ ಕೆಲಸವಾಗುತ್ತದೆ. ಆ ಏಳನೆಯವನು ಬಂದನೇ ಇಲ್ಲವೇ ಎಂಬುದರ ಮೇಲೆ ಫ್ಯಾಕ್ಟರಿಯ ಶಾಂತಿ ನಿಂತಿದೆ. ಯಾವ ಕಾರು ಕಂಪನಿಯಲ್ಲೇ ಆಗಲಿ, ಆಡಳಿತಕ್ಕೂ ಯೂನಿಯನ್ನಿಗೂ ಜಟಾಪಟಿ ಎದ್ದರೆ ಸಂಬಳದ ಪಕ್ಕದಲ್ಲೇ ಕೂರುವ ಇನ್ನೊಂದು ವಿಷಯ ಇದು. 2020ರ ನವೆಂಬರ್‌ನಲ್ಲಿ ಬಿಡದಿಯಲ್ಲಿ ಲಾಕ್‌ಔಟ್ ಘೋಷಣೆಯಾದಾಗಲೂ ಯೂನಿಯನ್ ಎತ್ತಿದ ದೂರುಗಳಲ್ಲಿ ಕೆಲಸದ ಹೊರೆ ಮುಖ್ಯವಾಗಿತ್ತು.

77 ಸೆಕೆಂಡಿನೊಳಗೆ ಏನೇನು ಹಿಡಿಸುತ್ತದೆ? ಹಿಂಭಾಗದ ವೈರಿಂಗ್ ಹಾರ್ನೆಸ್ (ವೈರುಗಳ ಕಟ್ಟು) ಕೂರಿಸುವ ಜಾಗವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಏನೇನು ಹಾಕಬೇಕೆಂದು ಬರೆದು ಗಾಡಿಗೆ ಅಂಟಿಸಿದ ಸ್ಪೆಕ್ ಶೀಟು ಓದಲು 3 ಸೆಕೆಂಡು. ರ‍್ಯಾಕಿಗೆ ನಡೆದು ಹಾರ್ನೆಸ್ ಎತ್ತಿಕೊಳ್ಳಲು 8. ಒಳಗೆ ಹಾಸಲು 20. ಆರು ಕ್ಲಿಪ್ಪು ಒತ್ತಲು 12. ಮೂರು ಕನೆಕ್ಟರ್ ಸೇರಿಸಲು 12. ಎರಡು ಅರ್ತ್ ಬೋಲ್ಟ್ ಬಿಗಿಯಲು 12. ಮಾರ್ಕರಿನಲ್ಲಿ ಗುರುತು ಹಾಕಿ ಕಣ್ಣಾಡಿಸಲು 4. ಮುಂದಿನ ಗಾಡಿಯ ಹತ್ತಿರ ವಾಪಸು ನಡೆಯಲು 3. ಒಟ್ಟು 74. ಉಳಿದ 3 ಸೆಕೆಂಡಿನಲ್ಲಿ ಮೂಗು ಒರೆಸಿಕೊಳ್ಳಬಹುದು. ಈ ಕ್ರಮವನ್ನು ಜಾಗದ ಮೇಲೆಯೇ ಹಾಳೆಯಲ್ಲಿ ಬರೆದು ತೂಗುಹಾಕಿರುತ್ತಾರೆ: ಯಾವ ಕೈ, ಯಾವ ಹೆಜ್ಜೆ, ಎಷ್ಟು ಸೆಕೆಂಡು. ಹೊಸಬರು ಮೊದಲ ವಾರದಲ್ಲೇ ತಮ್ಮದೇ ಅಡ್ಡದಾರಿ ಹುಡುಕುತ್ತಾರೆ, ಎರಡೂ ಬೋಲ್ಟ್ ಮೊದಲು ಬಿಗಿದು ಆಮೇಲೆ ಕ್ಲಿಪ್ಪು ಒತ್ತುವುದು ಇತ್ಯಾದಿ. ಎರಡು ಸೆಕೆಂಡು ಉಳಿಯುವುದು ನಿಜ. ಆದರೆ ಹಾರ್ನೆಸ್ ಎಳೆದುಕೊಂಡು ಕೂತು ಕೊನೆಯ ಕನೆಕ್ಟರ್‌ಗೆ ಉದ್ದ ಸಾಲದಾಗುತ್ತದೆ. ಕ್ರಮ ಹಾಗಿರುವುದಕ್ಕೆ ಹೆಚ್ಚಿನ ಪಾಲು ಇಂಥದ್ದೊಂದು ಕಾರಣ ಇರುತ್ತದೆ. ಕಾರಣವನ್ನು ಹಾಳೆಯಲ್ಲಿ ಬರೆದಿರುವುದಿಲ್ಲ, ಕೇಳಿಯೇ ತಿಳಿಯಬೇಕು. ಕೇಳಿದ ಮೇಲೂ ನಿಮ್ಮ ದಾರಿಯೇ ಮೇಲು ಅನ್ನಿಸಿದರೆ ಕೈಜೆನ್ (ಸುಧಾರಣೆ) ಸಲಹೆಯಾಗಿ ಬರೆದುಕೊಡಿ. ಒಪ್ಪಿದರೆ ಹಾಳೆಯೇ ಬದಲಾಗುತ್ತದೆ. ಹಾಳೆ ಬದಲಾಗದೆ ಕೈ ಬದಲಾಯಿಸುವುದಷ್ಟೇ ತಪ್ಪು.

ಎಲ್ಲ ಗಾಡಿಗೂ 74 ಸೆಕೆಂಡೇ ಬೇಕೆಂದೇನಿಲ್ಲ. ಟಾಪ್ ಎಂಡ್ ಮಾಡೆಲಿಗೆ ಇನ್ನೆರಡು ಕನೆಕ್ಟರ್ ಇದ್ದರೆ ಲೆಕ್ಕ 82ಕ್ಕೆ ಏರುತ್ತದೆ, ಟ್ಯಾಕ್ಟಿಗಿಂತ 5 ಜಾಸ್ತಿ. ಅದರ ಹಿಂದೆ ಕಡಿಮೆ ಕೆಲಸದ ಬೇಸ್ ಮಾಡೆಲ್ ಬಂದರೆ ಆ 5 ಸೆಕೆಂಡು ವಾಪಸು ಸಿಗುತ್ತದೆ. ಟಾಪ್ ಎಂಡ್ ಮೂರು ಸಾಲಾಗಿ ಬಂದರೆ 15 ಸೆಕೆಂಡು ಹಿಂದೆ ಬಿದ್ದು ಪಕ್ಕದವನ ಜಾಗಕ್ಕೆ ನುಗ್ಗುತ್ತೀರಿ. ಅದಕ್ಕೇ ಮಾಡೆಲುಗಳನ್ನು ಕಲಸಿ ಬಿಡುತ್ತಾರೆ, ಇದರ ಜಪಾನಿ ಹೆಸರು ಹೈಜುಂಕ. ಒಂದೇ ಲೈನಿನಲ್ಲಿ ಬೇರೆ ಬೇರೆ ಗಾಡಿ ಬರುವುದು ಬಿಡದಿಯಲ್ಲಿ ಹೊಸತಲ್ಲ. ಮಾರುತಿ ಹೆಸರಿನಲ್ಲಿ ಮಾರಾಟವಾಗುವ ಗ್ರ್ಯಾಂಡ್ ವಿಟಾರಾ ಸಹ ಟೊಯೊಟಾದ ಹೈರೈಡರ್ ಜೊತೆ ಅಲ್ಲೇ ಹುಟ್ಟಿದ್ದು. ಸೀಟಿನಂಥ ದೊಡ್ಡ ಭಾಗಗಳು ಸಪ್ಲೈಯರ್ ಕಡೆಯಿಂದ ಗಾಡಿಗಳ ಸಾಲಿನ ಕ್ರಮದಲ್ಲೇ ಜೋಡಣೆಯಾಗಿ ಬರುತ್ತವೆ. ಲೈನಿನಿಂದ ಒಂದು ಗಾಡಿಯನ್ನು ರಿಪೇರಿಗೆಂದು ಹೊರಗೆಳೆದು ಸೀಟಿನ ಸಾಲಿಗೆ ಹೇಳದಿದ್ದರೆ ಅಲ್ಲಿಂದಾಚೆ ಪ್ರತಿ ಗಾಡಿಗೂ ತನಗಿಂತ ಮುಂದಿದ್ದ ಗಾಡಿಯ ಸೀಟು. ಕಪ್ಪು ಒಳಾಂಗಣದಲ್ಲಿ ಕಂದು ಸೀಟು ಕೂತಾಗಲೇ ಕಣ್ಣಿಗೆ ಬೀಳುವುದು.

ಬೋಲ್ಟಿನ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಲೈನಿನ ಕೆಲಸದಲ್ಲಿ ಅರ್ಧ ಅದೇ, ಹೊಸಬರ ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಎರಡು ಮೂರು ಎಳೆ ಬೆರಳಿನಲ್ಲೇ ತಿರುಗಿಸಿ, ಆಮೇಲೆ ಬೋಲ್ಟ್ ಬಿಗಿಯುವ ಗನ್ನು ಹಿಡಿಯಿರಿ. ನೇರ ಗನ್ನಿನ ಬಾಯಿಗೆ ಬೋಲ್ಟ್ ಸಿಕ್ಕಿಸಿ ಒತ್ತಿದರೆ ಓರೆಯಾಗಿ ಹಿಡಿದು ಥ್ರೆಡ್ ಅಡ್ಡ ಕೂರುತ್ತದೆ, ಇದನ್ನೇ ಕ್ರಾಸ್ ಥ್ರೆಡ್ ಎನ್ನುವುದು. ಗನ್ನಿಗೆ ಗೊತ್ತಾಗುವುದು ಬಲ ಮಾತ್ರ. ಅಡ್ಡ ಕೂತ ಬೋಲ್ಟ್ ಕೂಡ ಸರಿಯಾದ ಟಾರ್ಕ್ (ತಿರುಚುವ ಬಲ) ತೋರಿಸಿ ಹಸಿರು ದೀಪ ಹೊತ್ತಿಸಬಹುದು. ಬೋಲ್ಟಿನ ತಲೆ ತಗಡಿಗೆ ಸಮನಾಗಿ ಕೂತಿದೆಯೇ ಎಂದು ನೋಡುವುದು ನಿಮ್ಮ ಕಣ್ಣಿನ ಕೆಲಸ. ಬೆರಳಿನಲ್ಲೇ ತಿರುಗದಿದ್ದರೆ ವೆಲ್ಡ್ ನಟ್ಟಿನೊಳಗೆ ಕಿಡಿಯ ಉಂಡೆಯೋ ಪೇಂಟೋ ಕೂತಿರುತ್ತದೆ. ಒತ್ತಾಯ ಮಾಡಬೇಡಿ, ಟೀಮ್ ಲೀಡರನ್ನು ಕರೆಯಿರಿ.

ಚಕ್ರದ ಐದು ನಟ್ಟಿಗೆ ಎಣಿಸುವ ಗನ್ನು ಇರುತ್ತದೆ: ಐದು ಸಲ ಟಾರ್ಕ್ ಬಂದರಷ್ಟೇ ಲೈನು ಮುಂದೆ ಬಿಡುತ್ತದೆ. ಇಂಥ ಏರ್ಪಾಡಿಗೆ ಪೋಕಾ ಯೋಕೆ ಎಂದು ಹೆಸರು, ತಪ್ಪು ಮಾಡಲು ಬಿಡದ ಉಪಾಯ. ಆದರೆ ಅವಸರದಲ್ಲಿ ಒಂದೇ ನಟ್ಟಿಗೆ ಎರಡು ಸಲ ಗನ್ನು ತಾಗಿಸಿದರೆ ಎಣಿಕೆ ಐದಾಗುತ್ತದೆ, ನಟ್ಟು ಮಾತ್ರ ನಾಲ್ಕೇ ಬಿಗಿಯಾಗಿರುತ್ತವೆ. ಒಳ್ಳೆಯ ಕಂಟ್ರೋಲರ್ ತಿರುಗಿದ ಕೋನವನ್ನೂ ಅಳೆಯುತ್ತದೆ. ಮೊದಲೇ ಬಿಗಿಯಾದ ನಟ್ಟು ತಿರುಗುವುದೇ ಇಲ್ಲವಾದ್ದರಿಂದ ಕೋನ ಸೊನ್ನೆಯ ಹತ್ತಿರ ಬಂದರೆ ಅದನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ. ಕೋನ ಅಳೆಯದ ಹಳೆಯ ಗನ್ನಿದ್ದ ಕಡೆ ಪ್ರತಿ ನಟ್ಟಿಗೂ ಬಣ್ಣದ ಗೆರೆ ಎಳೆಯುವುದೊಂದೇ ಕಾವಲು. ಗೆರೆಯನ್ನು ಬಿಗಿದ ಮೇಲೆ ಎಳೆಯಬೇಕು. ಮೊದಲೇ ಐದಕ್ಕೂ ಎಳೆದಿಟ್ಟುಕೊಳ್ಳುವ ಜಾಣರಿದ್ದಾರೆ, ಅಲ್ಲಿಗೆ ಆ ಗೆರೆ ರಂಗೋಲಿಗೆ ಸಮ.

ಕನೆಕ್ಟರಿಗೆ ಮೂರು ಹೆಜ್ಜೆ: ಒತ್ತು, ಟಕ್ ಎನ್ನುವುದನ್ನು ಕೇಳು, ಹಿಂದಕ್ಕೆ ಎಳೆದು ನೋಡು. ಅರ್ಧ ಸೇರಿದ ಕನೆಕ್ಟರ್ ಫ್ಯಾಕ್ಟರಿಯ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು, ಏಕೆಂದರೆ ಪಿನ್ನು ತಾಗಿರುತ್ತದೆ. ರಸ್ತೆಯ ಕುಲುಕಾಟಕ್ಕೆ ಬಿಚ್ಚಿಕೊಳ್ಳುವುದು ಗಿರಾಕಿಯ ಮನೆಗೆ ಹೋದ ಮೇಲೆ.

ಈ ಕಸುಬಿನಲ್ಲಿ ಕಷ್ಟದ ಕೆಲಸ ಯಾವುದು ಎಂದರೆ ವೇಗವಲ್ಲ. ವೇಗ ತಿಂಗಳೊಳಗೆ ಕೈಗೆ ಬರುತ್ತದೆ. ಕಷ್ಟದ್ದು ತಲೆಯ ಮೇಲೆ ತೂಗುವ ಹಗ್ಗ ಎಳೆಯುವುದು. ಅಂಡಾನ್ ಎನ್ನುತ್ತಾರೆ. ಒಮ್ಮೆ ಎಳೆದರೆ ಬೋರ್ಡಿನ ಮೇಲೆ ನಿಮ್ಮ ಜಾಗದ ನಂಬರು ಹಳದಿಯಾಗಿ ಹೊತ್ತಿ ಒಂದು ರಾಗ ಕೇಳಿಸುತ್ತದೆ, ಟೀಮ್ ಲೀಡರ್ ಓಡಿಬರುತ್ತಾನೆ. ಲೈನು ತಕ್ಷಣ ನಿಲ್ಲುವುದಿಲ್ಲ. ನೆಲದ ಮೇಲೆ ಎಳೆದ ನಿಲುಗಡೆಯ ಗೆರೆಯನ್ನು ಗಾಡಿ ಮುಟ್ಟುವವರೆಗೆ ಸಮಯ ಇದೆ. ಅಷ್ಟರೊಳಗೆ ತೊಂದರೆ ಸರಿಹೋದರೆ ಲೀಡರ್ ಇನ್ನೊಮ್ಮೆ ಎಳೆದು ಕರೆ ರದ್ದು ಮಾಡುತ್ತಾನೆ. ಸರಿಹೋಗದಿದ್ದರೆ ಗೆರೆಯ ಬಳಿ ಲೈನು ನಿಂತು ದೀಪ ಕೆಂಪಾಗುತ್ತದೆ. ಗೆರೆಯಲ್ಲೇ ನಿಲ್ಲಿಸುವುದಕ್ಕೂ ಕಾರಣವಿದೆ. ಎಲ್ಲೆಂದರಲ್ಲಿ ನಿಂತರೆ ಉಳಿದವರು ಅರ್ಧ ಬಿಗಿದ ಬೋಲ್ಟಿನಲ್ಲೇ ಕೈಬಿಡುತ್ತಾರೆ, ಮತ್ತೆ ಶುರುವಾದಾಗ ಆ ಅರ್ಧ ಮರೆತುಹೋಗುತ್ತದೆ.

ಇದರ ಬೇರು ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಸಕಿಚಿ ಟೊಯೊಡ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ನೂಲು ಕಡಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಕಡಿದ ನೂಲಿನ ಮೇಲೆ ನೇಯ್ಗೆ ಮುಂದುವರಿದರೆ ಇಡೀ ಥಾನು ಹಾಳು ಎಂಬುದನ್ನು ನೇಕಾರರಿರುವ ಊರಿನವರಿಗೆ ಹೇಳಿಕೊಡಬೇಕಿಲ್ಲ. ಅದೇ ಬುದ್ಧಿಯನ್ನು ಅವರ ಮಗನ ಕಾಲದಲ್ಲಿ ಶುರುವಾದ ಕಾರು ಕಂಪನಿ ಮುಂದೆ ಲೈನಿಗೆ ತಂದಿತು.

ಹಗ್ಗ ಎಳೆಯಿರಿ ಎಂದು ಟ್ರೇನಿಂಗಿನಲ್ಲಿ ಹೇಳುತ್ತಾರೆ. ಎಳೆದವನಿಗೆ ಕೆಂಗಣ್ಣು ಬಿಡುವ ಸೂಪರ್‌ವೈಸರ್ ಕೂಡ ಜಗತ್ತಿನಲ್ಲಿದ್ದಾನೆ. ಎಳೆಯದಿದ್ದರೆ ಏನಾಗುತ್ತದೆ ಎಂಬ ಲೆಕ್ಕ ಗೊತ್ತಿದ್ದರೆ ಧೈರ್ಯ ಬರುತ್ತದೆ. ಹಾರ್ನೆಸ್ಸಿನ ಒಂದು ಕ್ಲಿಪ್ಪು ಬಿಟ್ಟುಹೋಯಿತು ಅನ್ನಿ. ನಿಮ್ಮ ಜಾಗದಲ್ಲೇ ಸರಿಮಾಡಲು 2 ಸೆಕೆಂಡು. ಮುಂದಿನ ಜಾಗದವರು ಅದರ ಮೇಲೆ ಕಾರ್ಪೆಟ್, ಪ್ಲಾಸ್ಟಿಕ್ ಟ್ರಿಮ್, ಸೀಟು, ಬೆಲ್ಟು ಹಾಕುತ್ತಾ ಹೋಗುತ್ತಾರೆ. ಕೊನೆಯ ತಪಾಸಣೆಯಲ್ಲಿ ಕಟಕಟ ಸದ್ದು ಬಂದು ಸಿಕ್ಕಿಬಿದ್ದರೆ ಸೀಟು ಇಳಿಸಿ ಎಲ್ಲ ಬಿಚ್ಚಬೇಕು. ಬಿಚ್ಚುವಾಗ ಟ್ರಿಮ್ಮಿನ ಹಲ್ಲು ಮುರಿದರೆ ಹೊಸದು ತರಬೇಕು, ಸೀಟು ಬೆಲ್ಟಿನ ಬೋಲ್ಟಿಗೆ ಮತ್ತೆ ಟಾರ್ಕ್ ದಾಖಲೆ ಬೇಕು. 2 ಸೆಕೆಂಡಿನದು ಅರ್ಧ ಗಂಟೆ ನುಂಗುತ್ತದೆ. ಸಿಕ್ಕಿಬೀಳದಿದ್ದರೆ ಇನ್ನೂ ಕೆಟ್ಟದು. ಹಾಗೆಯೇ, ಅನುಮಾನವಿದ್ದ ಗಾಡಿಯ ನಂಬರು ನೆನಪಿಟ್ಟುಕೊಂಡು ಬ್ರೇಕಿನಲ್ಲಿ ಹೋಗಿ ಸರಿಮಾಡುತ್ತೇನೆ ಎಂಬ ಯೋಚನೆ ಬೇಡ. ಅಷ್ಟರಲ್ಲಿ ಆ ಗಾಡಿ ಇಪ್ಪತ್ತು ಜಾಗ ದಾಟಿರುತ್ತದೆ.

ಅಸೆಂಬ್ಲಿಯ ಹೊರಗೆ ಉಳಿದ ಮೂರು ಶಾಪುಗಳ ಬದುಕೇ ಬೇರೆ. ಪ್ರೆಸ್ ಶಾಪಿನಲ್ಲಿ ಸದ್ದು, ಕಡಿಮೆ ಜನ, ದೊಡ್ಡ ಯಂತ್ರ. ಡೈ (ತಗಡಿಗೆ ಆಕಾರ ಕೊಡುವ ಅಚ್ಚು) ಬದಲಿಸುವ ಹೊತ್ತನ್ನು ಎಷ್ಟು ಕಡಿಮೆ ಮಾಡಿದರು ಎಂಬುದರ ಮೇಲೆ ಅಲ್ಲಿನ ಮರ್ಯಾದೆ. ಡೈ ಮೇಲೆ ಒಂದು ಲೋಹದ ಚೂರು ಕೂತರೆ ಪ್ರತಿ ಬಾಗಿಲಿಗೂ ಅದೇ ಜಾಗದಲ್ಲಿ ಗುಳಿ, ಹಾಗಾಗಿ ಬಂದ ತಗಡನ್ನು ಎಣ್ಣೆಗಲ್ಲಿನಿಂದ ಉಜ್ಜಿ, ದೀಪದ ಕೆಳಗೆ ಓರೆ ಮಾಡಿ ನೋಡುವ ಕಣ್ಣು ಬೇಕು. ವೆಲ್ಡ್ ಶಾಪಿನಲ್ಲಿ ಒಂದು ಬಾಡಿಗೆ ಸಾವಿರಾರು ಸ್ಪಾಟು, ಅಂದರೆ ತಗಡು ಬೆಸೆದ ಚುಕ್ಕೆ. ತಾಮ್ರದ ಟಿಪ್ಪು ಬಡಿದೂ ಬಡಿದೂ ಅಗಲವಾಗುತ್ತದೆ, ಅಗಲವಾದಷ್ಟೂ ಕರೆಂಟು ಹರಡಿ ಸ್ಪಾಟು ಸಡಿಲ. ನಿಗದಿತ ಎಣಿಕೆಗೊಮ್ಮೆ ಟಿಪ್ಪನ್ನು ಕೊರೆದು ಚೂಪು ಮಾಡಲೇಬೇಕು. ಆಗಾಗ ಎರಡು ತಗಡಿನ ನಡುವೆ ಉಳಿ ಬಡಿದು ಸ್ಪಾಟು ಬಿಡುತ್ತದೆಯೇ ಎಂದು ನೋಡುತ್ತಾರೆ. ತಗಡು ಹರಿದು ಅಂಗಿಯ ಗುಂಡಿಯಂಥ ಚೂರು ಅಂಟಿಕೊಂಡು ಉಳಿದರೆ ಒಳ್ಳೆಯದು, ಸಲೀಸಾಗಿ ಬಿಟ್ಟುಕೊಂಡರೆ ಹಿಂದಿನ ಬಾಡಿಗಳನ್ನೂ ತಡೆಯಬೇಕು.

ಪೇಂಟ್ ಶಾಪಿಗೆ ಹೋಗುವವರು ತಲೆಗೆ ಹಾಕುವ ಎಣ್ಣೆ, ಸೀರಮ್ಮು, ಡಿಯೋಡರೆಂಟು ಎಲ್ಲ ಮನೆಯಲ್ಲೇ ಬಿಡಬೇಕು. ಸಿಲಿಕೋನ್ ಇರುವ ಯಾವುದೇ ವಸ್ತುವಿನ ಕಣ ಬಾಡಿಯ ಮೇಲೆ ಬಿದ್ದರೂ ಬಣ್ಣ ಅಲ್ಲಿ ನಿಲ್ಲದೆ ಸುತ್ತ ಸರಿದು ಕುಳಿಯಾಗುತ್ತದೆ, ಕ್ರೇಟರ್ ಎನ್ನುವುದು ಇದನ್ನೇ. ತೊಳೆದು ಫಾಸ್ಫೇಟ್ ಮಾಡಿದ ಬಾಡಿಯನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ ಕರೆಂಟಿನ ಸಹಾಯದಿಂದ ಸುಮಾರು 20 ಮೈಕ್ರಾನಿನ ಮೊದಲ ಪದರ ಕೂರಿಸುತ್ತಾರೆ. ಒಲೆಯಿಂದ ಬಂದ ಮೇಲೆ ಸೀಲರ್, ಪ್ರೈಮರ್, ಬಣ್ಣ, ಕ್ಲಿಯರ್. ಎಲ್ಲ ಸೇರಿದರೂ ದಪ್ಪ ತಲೆಗೂದಲಿನ ಸುತ್ತಮುತ್ತಲೇ. ಅಷ್ಟು ತೆಳು ಪದರದಲ್ಲಿ ಬಟ್ಟೆಯ ಒಂದು ಎಳೆ ಬಿದ್ದರೂ ಎದ್ದು ಕಾಣುತ್ತದೆ, ಆದ್ದರಿಂದ ನೂಲುದುರದ ಸೂಟು, ಒಳಹೋಗುವ ಮುನ್ನ ಗಾಳಿಯ ಸ್ನಾನ.

ಮೈಯ ಮಾತು. ಎಂಟು ಗಂಟೆ ನಿಂತೇ ಇರುವುದಕ್ಕೆ ಎರಡು ವಾರ ಕಾಲು ನೋಯುತ್ತದೆ, ಆಮೇಲೆ ಹೋಗುತ್ತದೆ. ಹೋಗದ ನೋವುಗಳು ಬೇರೆ: ಕ್ಲಿಪ್ಪು ಒತ್ತುವವರಿಗೆ ಹೆಬ್ಬೆರಳಿನ ಬುಡ, ಗನ್ನು ಹಿಡಿಯುವವರಿಗೆ ಮಣಿಕಟ್ಟು, ಗಾಡಿಯ ಅಡಿ ಕೆಲಸ ಮಾಡುವವರಿಗೆ ಕುತ್ತಿಗೆ, ಭುಜ. ಕ್ಲಿಪ್ಪನ್ನು ಹೆಬ್ಬೆರಳಿನ ತುದಿಯಿಂದ ಒತ್ತದೆ ಅಂಗೈಯ ಬುಡದಿಂದಲೋ ಒತ್ತುವ ಟೂಲಿನಿಂದಲೋ ಒತ್ತಬೇಕು. ರಬ್ಬರ್ ಹೋಸು ಹತ್ತದಿದ್ದರೆ ಅಲ್ಲಿಟ್ಟಿರುವ ಸೋಪಿನ ನೀರು ಹಚ್ಚಿ, ಬಲ ಹಾಕಬೇಡಿ. ಎರಡು ಗಂಟೆಗೊಮ್ಮೆ ಜಾಗ ಬದಲಿಸುವ ಪದ್ಧತಿ ಇರುವುದು ಇದಕ್ಕೇ. ಗೊತ್ತಿರುವ ಜಾಗವೇ ಸುಖ ಎಂದು ಬದಲಾಗದೆ ಉಳಿಯುವವರ ಕೈಯೇ ಮೊದಲು ಸೋಲುವುದು. ಬೆಳಿಗ್ಗೆ ಎದ್ದಾಗ ಬೆರಳು ಮಡಚಿ ಸಿಕ್ಕಿಕೊಂಡಂತಾದರೆ ಅದೇ ದಿನ ಮೆಡಿಕಲ್ ಸೆಂಟರಿನಲ್ಲಿ ಹೇಳಿ, ದಾಖಲೆಯಾಗಲಿ. ದಾಖಲೆ ಇಲ್ಲದ ನೋವು ಮುಂದೆ ಕೆಲಸದ ನೋವು ಎಂದು ಲೆಕ್ಕಕ್ಕೆ ಬರುವುದು ಕಷ್ಟ.

ಉಂಗುರ, ವಾಚು, ಕಡಗ, ಬೆಲ್ಟಿನ ಬಕಲ್ ಯಾವುದೂ ಇರುವಂತಿಲ್ಲ. ಗೀರು ಬೀಳುತ್ತದೆ ಎಂಬುದು ಒಂದು ಕಾರಣ, ಯಂತ್ರಕ್ಕೆ ಸಿಕ್ಕಿ ಬೆರಳು ಹೋಗುತ್ತದೆ ಎಂಬುದು ದೊಡ್ಡದು. ಧರ್ಮಸ್ಥಳದಿಂದ ಕಟ್ಟಿಸಿಕೊಂಡು ಬಂದ ಕೈದಾರಕ್ಕೂ ರಿಯಾಯಿತಿ ಸಿಗುವುದಿಲ್ಲ. ಆಯುಧಪೂಜೆಯ ದಿನ ಗನ್ನಿಗೂ ರೋಬಾಟಿಗೂ ಕುಂಕುಮ ಬೀಳುತ್ತದೆ, ಬೀಳಲಿ. ಸೆನ್ಸರಿನ ಗಾಜಿನ ಮೇಲೆ ಮಾತ್ರ ಬೇಡ, ಮರುದಿನ ಬೆಳಿಗ್ಗೆ ಲೈನು ಏಕೆ ಓಡುತ್ತಿಲ್ಲ ಎಂದು ಮೇಂಟೆನೆನ್ಸಿನವರು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಸೇರುವ ಮುನ್ನ ಕೈಗೆ ಬರುವ ಕಾಗದವನ್ನು ಓದಿ. ಅಪ್ರೆಂಟಿಸ್, ಟ್ರೇನಿ, ಅವಧಿ ಗುತ್ತಿಗೆ, ಕಾಂಟ್ರಾಕ್ಟರ್ ಮೂಲಕ, ಪರ್ಮನೆಂಟ್: ಐದೂ ಜನ ಒಂದೇ ಲೈನಿನಲ್ಲಿ, ಒಂದೇ ಬಣ್ಣದ ಬಟ್ಟೆಯಲ್ಲಿ ನಿಂತಿರಬಹುದು. ಅಪ್ರೆಂಟಿಸ್‌ಗೆ ಸಿಗುವುದು ಸ್ಟೈಪೆಂಡು, ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟು ಸಾಮಾನ್ಯವಾಗಿ ಕಂಪನಿಗೆ ಇರುವುದಿಲ್ಲ. ಕಾಂಟ್ರಾಕ್ಟರ್ ಮೂಲಕವಾದರೆ ಪಿಎಫ್ ಯಾರ ಹೆಸರಿನಲ್ಲಿ ಕಟ್ಟುತ್ತಾರೆ, ಯುಎಎನ್ (ಪಿಎಫ್ ಖಾತೆಯ ಗುರುತಿನ) ನಂಬರು ಯಾವುದು ಎಂದು ಮೊದಲ ತಿಂಗಳೇ ಕೇಳಿ, ಮೊಬೈಲಿನಲ್ಲಿ ಪಾಸ್‌ಬುಕ್ ತೆರೆದು ನೋಡಿ. ಓವರ್‌ಟೈಮಿಗೆ ಸಾಮಾನ್ಯ ದರದ ಎರಡು ಪಟ್ಟು ಎಂಬುದು ಕಾನೂನು. ಸ್ಲಿಪ್ಪಿನಲ್ಲಿ ಗಂಟೆಗಳು ಬೇರೆ ಸಾಲಿನಲ್ಲಿ ಇವೆಯೇ ನೋಡಿಕೊಳ್ಳಿ. ಮೆಡಿಕಲ್ಲಿನಲ್ಲಿ ಬಣ್ಣದ ಕುರುಡು ಪರೀಕ್ಷೆ ಇರುತ್ತದೆ. ಹಸಿರು ವೈರು, ಕಂದು ವೈರು ಒಂದೇ ಥರ ಕಂಡರೆ ಅಸೆಂಬ್ಲಿಗೂ ಪೇಂಟಿಗೂ ತೆಗೆದುಕೊಳ್ಳುವುದು ಕಷ್ಟ.

ಡಿಪ್ಲೊಮಾ, ಬಿಇ ಮಾಡಿ ಬಂದವರು ಹಗ್ಗ ಎಳೆಯುವ ಕಡೆಯಲ್ಲ, ಎಳೆದಾಗ ಓಡಿಬರುವ ಕಡೆ ಇರುತ್ತಾರೆ. ಮೇಜಿನ ಮುಂದೆ ಕೂತು ಕಾರಣ ಬರೆಯುವವರನ್ನು ಲೈನು ಬೇಗ ಗುರುತು ಹಿಡಿಯುತ್ತದೆ. ಏಕೆ ಎಂದು ಐದು ಸಲ ಕೇಳಿ ಒಂದೇ ಎ3 ಹಾಳೆಯಲ್ಲಿ ತೊಂದರೆ, ಕಾರಣ, ಪರಿಹಾರ ಬರೆಯುವ ಅಭ್ಯಾಸ ಇಲ್ಲಿನದು. ಮೂರನೇ ‘ಏಕೆ’ಗೆ ‘ಆಪರೇಟರ್‌ನ ಅಜಾಗರೂಕತೆ’ ಎಂದು ಬರೆದು ನಿಲ್ಲಿಸುವುದು ಸುಲಭ. ಅಜಾಗರೂಕತೆ ಎಂದರೆ ಎರಡು ಥರದ ಬೋಲ್ಟು ಅಕ್ಕಪಕ್ಕದ ಡಬ್ಬಿಯಲ್ಲಿ ಇದ್ದವೇ, ದೀಪ ಸಾಲದೆ ಇತ್ತೇ, ಬದಲಿಗೆ ನಿಂತ ರಿಲೀವರ್‌ಗೆ ಆ ಜಾಗದ ತರಬೇತಿಯೇ ಆಗಿರಲಿಲ್ಲವೇ ಎಂದು ನಾಲ್ಕನೆಯದನ್ನು ಕೇಳಬೇಕು. ಆಮೇಲೆ ಡಬ್ಬಿ ದೂರ ಸರಿಸಿದರೆ ತಪ್ಪು ನಿಲ್ಲುತ್ತದೆ. ಆಪರೇಟರ್‌ಗೆ ಬುದ್ಧಿ ಹೇಳಿದರೆ ಮುಂದಿನ ವಾರ ಬೇರೆಯವನ ಕೈಯಲ್ಲಿ ಅದೇ ತಪ್ಪು.

ಪಾಳಿ ಮುಗಿಯುವ ಐದು ನಿಮಿಷ ಮೊದಲು ಗುಡಿಸುವುದು, ಬಿದ್ದ ಬೋಲ್ಟುಗಳನ್ನು ಕೆಂಪು ಡಬ್ಬಿಗೆ ಹಾಕುವುದು. ನೆಲಕ್ಕೆ ಬಿದ್ದ ಬೋಲ್ಟನ್ನು ಗಾಡಿಗೆ ಹಾಕಬಾರದು, ದೂಳೋ ಎಣ್ಣೆಯೋ ಹತ್ತಿ ಟಾರ್ಕ್ ಸುಳ್ಳಾಗುತ್ತದೆ. ಆಮೇಲೆ ಟೂಲುಗಳನ್ನು ಅವುಗಳ ನೆರಳು ಬರೆದ ಬೋರ್ಡಿಗೆ ತೂಗುಹಾಕಬೇಕು. 10 ಎಂಎಂ ಸಾಕೆಟ್ಟಿನ ನೆರಳು ಖಾಲಿ ಕಂಡರೆ ಯಾರೂ ಬಸ್ಸಿಗೆ ಓಡುವುದಿಲ್ಲ. ಕಿಸೆ, ತಳ್ಳುಗಾಡಿ, ಕೆಂಪು ಡಬ್ಬಿ ಹುಡುಕುತ್ತಾರೆ. ಸಿಗದಿದ್ದರೆ ಕೊನೆಯ ಸಲ ಅದನ್ನು ಕಂಡ ಹೊತ್ತಿನಿಂದ ಆ ಜಾಗ ದಾಟಿದ ಗಾಡಿಗಳ ನಂಬರು ಬರೆದುಕೊಂಡು ಯಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಮುಂದಿನ ಪಾಳಿಯವರು ಒಂದೊಂದರ ಟ್ರಿಮ್ಮನ್ನೂ ಎತ್ತಿ ಟಾರ್ಚು ಬಿಡುತ್ತಾರೆ.